ಜೀವ ಉಳಿಸಿದ ಗುಳಿಗೆ, ಜೋತುಬಿದ್ದ ರೆಪ್ಪೆ

ಎಚ್‌ಐವಿ ಚಿಕಿತ್ಸೆಗೆ ಎರಡು ದಶಕ: ಹಳೆಯ ಔಷಧಗಳ ಬಾಕಿ ಲೆಕ್ಕ

ಹಾವೇರಿ: ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯಲ್ಲಿ ಕಣ್ಣುರಿ ಯಾರಿಗೂ ದೊಡ್ಡ ಸಂಗತಿಯಲ್ಲ. ಚೀಲ ಸುರಿಯುವವರು, ಕಾಯಿ ಆರಿಸುವವರು, ದಿನಗೂಲಿಗೆ ತೊಟ್ಟು ಬಿಡಿಸುವ ಮಹಿಳೆಯರು ಎಲ್ಲರೂ ಘಾಟಿಗೆ ಒಗ್ಗಿಕೊಂಡವರೇ. ಕಣ್ಣು ಕೆಂಪಾದರೆ ತಣ್ಣೀರು ಚಿಮುಕಿಸಿಕೊಂಡು ಕೆಲಸ ಮುಂದುವರಿಸುವುದು ಅಲ್ಲಿನ ರೂಢಿ. ಇಂತಹ ಊರಿನಲ್ಲಿ ಒಬ್ಬರ ಕಣ್ಣಿನ ರೆಪ್ಪೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತ ಬಂದರೆ ಅದಕ್ಕೆ ಮೆಣಸಿನ ಘಾಟು, ವಯಸ್ಸು ಅಥವಾ ನಿದ್ದೆಗೇಡು ಕಾರಣವೆಂದು ಮನೆಯವರು ತೀರ್ಮಾನಿಸುವುದು ಸಹಜ. ಆದರೆ ಆ ವ್ಯಕ್ತಿ ಹದಿನೈದು-ಇಪ್ಪತ್ತು ವರ್ಷಗಳಿಂದ ಎಚ್‌ಐವಿ ಔಷಧ ಸೇವಿಸುತ್ತಿರುವವರಾದರೆ ಮತ್ತೊಂದು ಕಾರಣವನ್ನೂ ಪರಿಶೀಲಿಸಬೇಕಾಗುತ್ತದೆ. ಅವರ ಜೀವವನ್ನು ಉಳಿಸಿದ ಗುಳಿಗೆಯೇ ಕಣ್ಣಿನ ಸ್ನಾಯುಗಳನ್ನು ದಣಿಸಿರಬಹುದು.

ಇದು ವಿರಳವಾದ ತೊಂದರೆ. ಪ್ರಾಣಾಪಾಯವನ್ನೂ ತರುವುದಿಲ್ಲ. ಹೀಗಿದ್ದರೂ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಊರುಗಳಲ್ಲಿ ಇದು ಚರ್ಚೆಗೆ ಅರ್ಹವಾದ ವಿಷಯವಾಗಿದೆ. ಹಳೆಯ ಔಷಧಗಳೊಂದಿಗೆ ಚಿಕಿತ್ಸೆ ಆರಂಭಿಸಿದ ಪೀಳಿಗೆ ಈಗ ನಡುವಯಸ್ಸನ್ನು ದಾಟುತ್ತಿದೆ. ಆ ಔಷಧಗಳು ಬಳಕೆಯಿಂದ ಬಹುತೇಕ ಮರೆಯಾಗಿದ್ದರೂ ಅವು ದೇಹದಲ್ಲಿ ಬಿಟ್ಟುಹೋದ ಗುರುತು ಮರೆಯಾಗಿಲ್ಲ.

ಅಗ್ಗದ ಗುಳಿಗೆಯ ಹಿನ್ನೆಲೆ

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮರುವರ್ಷವೇ ಅಮೆರಿಕದಲ್ಲಿ ಜಿಡೊವುಡಿನ್ ಎಂಬ ಮೊದಲ ಔಷಧಕ್ಕೆ ಅನುಮತಿ ದೊರೆಯಿತು. ಆದರೆ ಬಡ ರಾಷ್ಟ್ರಗಳ ರೋಗಿಗಳಿಗೆ ಅದು ದಶಕಕ್ಕೂ ಮಿಕ್ಕಿ ಗಗನಕುಸುಮವಾಗಿಯೇ ಉಳಿಯಿತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಮೂರು ಔಷಧಗಳ ಸಂಯೋಜನೆಯನ್ನು ದಿನಕ್ಕೆ ಒಂದು ಡಾಲರ್‌ಗಿಂತಲೂ ಕಡಿಮೆ ದರಕ್ಕೆ ಒದಗಿಸುವುದಾಗಿ ಪ್ರಕಟಿಸಿದಾಗ ಜಗತ್ತಿನ ಲೆಕ್ಕಾಚಾರವೇ ಬದಲಾಯಿತು. ಆ ಮೂರು ಔಷಧಗಳು ಸ್ಟಾವುಡಿನ್, ಲ್ಯಾಮಿವುಡಿನ್ ಮತ್ತು ನೆವಿರಾಪಿನ್.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ, 2004ರ ಏಪ್ರಿಲ್ 1ರಂದು ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಆ ಪಟ್ಟಿಯಲ್ಲಿತ್ತು. ಮಕ್ಕಳ ಚಿಕಿತ್ಸೆಗೆಂದೇ ಪ್ರತ್ಯೇಕ ರಾಷ್ಟ್ರೀಯ ಯೋಜನೆ ಬಂದದ್ದು 2006ರ ನವೆಂಬರ್‌ನಲ್ಲಿ. ಕಾಲಕ್ರಮೇಣ ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕುಗಳಿಗೂ ಈ ಸೇವೆ ವಿಸ್ತರಿಸಿತು. ಆರಂಭದ ವರ್ಷಗಳಲ್ಲಿ ಸಿಡಿ4 ಕೋಶಗಳ ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ಬಹುತೇಕ ಸೋತವರಿಗೆ, ಮೊದಲ ಆದ್ಯತೆ ಇತ್ತು. ಅವರ ಕೈಗೆ ಬಂದದ್ದು ಸ್ಟಾವುಡಿನ್ ಅಥವಾ ಜಿಡೊವುಡಿನ್ ಒಳಗೊಂಡ ಗುಳಿಗೆ. ಸಾವಿನ ಬಾಗಿಲಿನಲ್ಲಿದ್ದ ಸಾವಿರಾರು ಮಂದಿ ಎದ್ದು ಕುಳಿತು ಹೊಲಕ್ಕೆ, ಅಂಗಡಿಗೆ, ಲಾರಿಯ ಚಾಲಕನ ಆಸನಕ್ಕೆ ಮರಳಿದರು. ಆ ಸಾಧನೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಬೆಲೆ ತೆರಬೇಕಾಯಿತು. ಸ್ಟಾವುಡಿನ್ ಸೇವಿಸಿದವರಲ್ಲಿ ಅಂಗಾಲು ಉರಿ, ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುವುದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು ಕಂಡುಬಂದವು. ಜಿಡೊವುಡಿನ್ ಸೇವಿಸಿದ ಕೆಲವರಲ್ಲಿ ರಕ್ತಹೀನತೆ, ಸ್ನಾಯುಗಳ ನಿತ್ರಾಣ ಕಾಣಿಸಿದವು. ವಿಶ್ವ ಆರೋಗ್ಯ ಸಂಸ್ಥೆಯು 2009ರ ನವೆಂಬರ್ 30ರಂದು ಸ್ಟಾವುಡಿನ್ ಬಳಕೆಯನ್ನು ಹಂತಹಂತವಾಗಿ ಕೈಬಿಡುವಂತೆ ಸಲಹೆ ನೀಡಿತು. 2010ರ ದಶಕದಲ್ಲಿ ಭಾರತವೂ ಅದನ್ನು ಕೈಬಿಟ್ಟಿತು. ಈಗ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೊದಲ ಹಂತದ ಚಿಕಿತ್ಸೆ ಎಂದರೆ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಗುಳಿಗೆ. ಹಳೆಯವುಗಳಿಗೆ ಹೋಲಿಸಿದರೆ ಇದು ಬಹಳಷ್ಟು ಸುರಕ್ಷಿತ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲವೇ ಎಂಬ ಪ್ರಶ್ನೆ ಏಳಬಹುದು. ಹೊಸದಾಗಿ ಚಿಕಿತ್ಸೆ ಆರಂಭಿಸುವವರ ಮಟ್ಟಿಗೆ ಬಹುಪಾಲು ಮುಗಿದಿದೆ. ಹಳಬರ ಮಟ್ಟಿಗೆ ಮುಗಿದಿಲ್ಲ.

ಕಣ್ಣಿನ ಸ್ನಾಯುವೇ ಏಕೆ?

ಮನುಷ್ಯನ ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸಲು ಆರು ಸ್ನಾಯುಗಳಿವೆ. ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿಯಲು ಇನ್ನೊಂದು ಸ್ನಾಯು ಇದೆ. ಕೈಕಾಲಿನ ಸ್ನಾಯುಗಳಿಗೆ ದುಡಿಮೆಯ ನಡುವೆ ಬಿಡುವು ಉಂಟು. ಕಣ್ಣಿನ ಸ್ನಾಯುಗಳಿಗೆ ಎಚ್ಚರವಿದ್ದಷ್ಟೂ ಹೊತ್ತು ಬಿಡುವಿಲ್ಲ. ಈ ನಿರಂತರ ದುಡಿಮೆಗೆ ಬೇಕಾದ ಶಕ್ತಿಯನ್ನು ಉತ್ಪಾದಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಘಟಕಗಳು. ಜೀವಕೋಶದ ವಿದ್ಯುತ್ ಸ್ಥಾವರ ಎಂದು ಪಠ್ಯಪುಸ್ತಕಗಳು ಬಣ್ಣಿಸುವುದು ಇವನ್ನೇ. ಕಣ್ಣಿನ ಸ್ನಾಯುಗಳಲ್ಲಿ ಇವು ವಿಶೇಷವಾಗಿ ದಟ್ಟವಾಗಿರುತ್ತವೆ. ಆದ್ದರಿಂದ ಮೈಟೊಕಾಂಡ್ರಿಯಕ್ಕೆ ಪೆಟ್ಟು ಬಿದ್ದರೆ ಅದರ ಪರಿಣಾಮ ಕಣ್ಣಿನಲ್ಲಿ ಎದ್ದುಕಾಣುವ ಸಾಧ್ಯತೆ ಹೆಚ್ಚು.

ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಇದೆ. ಅದನ್ನು ನಕಲು ಮಾಡುವ ಕಿಣ್ವದ ಹೆಸರು ಪಾಲಿಮರೇಸ್ ಗಾಮಾ. ಸ್ಟಾವುಡಿನ್, ಜಿಡೊವುಡಿನ್ ಮುಂತಾದವು ವೈರಾಣುವಿನ ನಕಲು ಕಿಣ್ವವನ್ನು ಮೋಸಗೊಳಿಸಿ ಅದರ ಸಂತತಿ ಬೆಳೆಯದಂತೆ ತಡೆಯುವ ಔಷಧಗಳು. ಆದರೆ ಇದೇ ಗುಂಪಿನ ಹಳೆಯ ಔಷಧಗಳು ಮನುಷ್ಯನ ಪಾಲಿಮರೇಸ್ ಗಾಮಾವನ್ನೂ ಒಂದಿಷ್ಟು ಬಾಧಿಸುತ್ತವೆ. ವೈರಿಗೆ ಬೀಸಿದ ಕತ್ತಿಯ ಅಂಚು ಮನೆಯವರಿಗೂ ತಾಗಿದಂತೆ. ಅಂಗಾಲು ಉರಿ, ಗುಳಿಬಿದ್ದ ಕೆನ್ನೆ, ಜೋತುಬಿದ್ದ ರೆಪ್ಪೆ ಮೇಲ್ನೋಟಕ್ಕೆ ಬೇರೆ ಬೇರೆ ತೊಂದರೆಗಳಾಗಿ ಕಂಡರೂ ಬೇರು ಬಹುಮಟ್ಟಿಗೆ ಒಂದೇ.

ದೀರ್ಘಕಾಲದ ಜಿಡೊವುಡಿನ್ ಸೇವನೆಯಿಂದ ಸ್ನಾಯುಗಳ ಮೈಟೊಕಾಂಡ್ರಿಯ ಕೆಡುತ್ತದೆ ಎಂದು ಅಮೆರಿಕದ ನರರೋಗ ತಜ್ಞ ಮರಿನೋಸ್ ದಲಾಕಾಸ್ ಮತ್ತು ಸಂಗಡಿಗರು 1990ರಷ್ಟು ಹಿಂದೆಯೇ ವರದಿ ಮಾಡಿದ್ದರು. ದೀರ್ಘಕಾಲ ಎಚ್‌ಐವಿ ಚಿಕಿತ್ಸೆ ಪಡೆದವರಲ್ಲಿ ರೆಪ್ಪೆ ಜೋತುಬೀಳುವುದು ಮತ್ತು ಕಣ್ಣುಗುಡ್ಡೆಯ ಚಲನೆ ಕುಂಠಿತವಾಗುವುದನ್ನು ಕೆನಡಾದ ವೈದ್ಯರ ತಂಡವೊಂದು 2009ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ದಾಖಲಿಸಿತು. ವಂಶವಾಹಿ ದೋಷದಿಂದ ಬರುವ ಕಣ್ಣಿನ ಸ್ನಾಯು ದೌರ್ಬಲ್ಯವನ್ನೇ ಇದು ಹೋಲುತ್ತದೆ.

2011ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ನ್ಯೂಕ್ಯಾಸಲ್ ಸಂಶೋಧಕರ ಅಧ್ಯಯನ ಇನ್ನೂ ಮುಖ್ಯವಾದ ಸಂಗತಿಯನ್ನು ಹೊರಗೆಡವಿತು. ವಯಸ್ಸಾದಂತೆ ಎಲ್ಲರ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲೂ ದೋಷಗಳು ಕೂಡಿಕೊಳ್ಳುತ್ತವೆ. ಹಳೆಯ ಎಚ್‌ಐವಿ ಔಷಧ ಪಡೆದವರಲ್ಲಿ ಈ ದೋಷಗಳು ಬೇಗನೆ ಹಬ್ಬಿರುವುದು ಕಂಡುಬಂದಿತು. ಔಷಧ ನಿಲ್ಲಿಸಿದ ಬಳಿಕವೂ ಅವು ತಾವಾಗಿ ಅಳಿಸಿಹೋಗುವುದಿಲ್ಲ. ಹತ್ತಾರು ವರ್ಷಗಳ ಹಿಂದೆ ನಿಂತುಹೋದ ಸ್ಟಾವುಡಿನ್‌ನ ಪರಿಣಾಮ ಇಂದು ತಲೆದೋರುವುದು ಏಕೆಂಬ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿದೆ. ಹಾಗೆಂದು ಸಕಲ ಹೊಣೆಯನ್ನೂ ಔಷಧದ ಮೇಲೆಯೇ ಹೊರಿಸುವಂತಿಲ್ಲ. ಎಚ್‌ಐವಿ ಸೋಂಕು, ವಯಸ್ಸು, ವ್ಯಕ್ತಿಯ ವಂಶವಾಹಿ ಗುಣ ಇವುಗಳ ಪಾತ್ರವೂ ಇದರಲ್ಲಿ ಇರಬಹುದು.

ತುತ್ತಿನ ಪ್ರಶ್ನೆ

ಈ ತೊಂದರೆ ಸದ್ದಿಲ್ಲದೆ ಬರುತ್ತದೆ. ನೋವಿಲ್ಲ, ಉರಿಯಿಲ್ಲ. ಎರಡೂ ರೆಪ್ಪೆಗಳು ನಿಧಾನವಾಗಿ ಇಳಿಯುತ್ತವೆ. ಹುಬ್ಬೇರಿಸಿ, ಹಣೆ ಸುಕ್ಕುಗಟ್ಟಿಸಿ, ಗದ್ದ ಮೇಲೆತ್ತಿ ನೋಡುವುದು ಅಭ್ಯಾಸವಾಗುತ್ತದೆ. ಕಣ್ಣುಗುಡ್ಡೆಗಳು ತಿರುಗುವುದು ಕಡಿಮೆಯಾದಂತೆ ಕತ್ತನ್ನೇ ತಿರುಗಿಸಬೇಕಾಗುತ್ತದೆ. ಎರಡೂ ಕಣ್ಣುಗಳು ಸಮನಾಗಿ ಬಿಗಿಯುವುದರಿಂದ ಹಲವರಿಗೆ ಒಂದು ವಸ್ತು ಎರಡಾಗಿ ಕಾಣುವ ಲಕ್ಷಣವೂ ಇರುವುದಿಲ್ಲ. ಹೀಗಾಗಿ ವ್ಯಕ್ತಿಗೇ ತನ್ನ ತೊಂದರೆಯ ಅರಿವು ತಡವಾಗಿ ಆಗುತ್ತದೆ.

ಈ ಮೂರು ಊರುಗಳ ದುಡಿಮೆಯನ್ನು ಗಮನಿಸಿದರೆ ಅದರ ತೀವ್ರತೆ ಅರ್ಥವಾಗುತ್ತದೆ. ರಾಣೆಬೆನ್ನೂರು ತಾಲ್ಲೂಕು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಪ್ರದೇಶ. ಹೂವಿನ ಮೊಗ್ಗನ್ನು ಬಿಡಿಸಿ ಪರಾಗಕೋಶವನ್ನು ತೆಗೆದು, ಬೇರೆ ತಳಿಯ ಪರಾಗವನ್ನು ಮುಟ್ಟಿಸುವ ಕೆಲಸ ಅಲ್ಲಿ ನಡೆಯುತ್ತದೆ. ಇದು ಕಣ್ಣು ಮತ್ತು ಬೆರಳುಗಳ ಕೆಲಸ. ಹೆಚ್ಚಾಗಿ ಮಹಿಳೆಯರೇ ಮಾಡುವಂಥದ್ದು. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವವರ ಕೂಲಿಯೂ ಕೈಚಳಕದ ಮೇಲೆ ನಿಂತಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣದ ಹಿಂದೆ ಇಂತಹ ಕಣ್ಣುಗಳ ದುಡಿಮೆ ಇದೆ. ಹಾವೇರಿ, ರಾಣೆಬೆನ್ನೂರುಗಳನ್ನು ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬದುಕು ಕಟ್ಟಿಕೊಂಡ ಲಾರಿ ಚಾಲಕರಿಗೆ ಪಕ್ಕದ ಕನ್ನಡಿಯತ್ತ ಥಟ್ಟನೆ ಕಣ್ಣು ಹೊರಳಿಸಲಾಗದಿದ್ದರೆ ಅದು ಅವರೊಬ್ಬರ ಸಂಕಟವಾಗಿ ಉಳಿಯುವುದಿಲ್ಲ.

ಇದಕ್ಕೆ ಸಾಮಾಜಿಕ ಮಗ್ಗುಲೂ ಇದೆ. ಅರೆಮುಚ್ಚಿದ ಕಣ್ಣು ಕಂಡವರು ‘ಕುಡಿದಿದ್ದಾನೆ’, ‘ಸೋಮಾರಿ’ ಎಂದು ಹಗುರವಾಗಿ ಮಾತನಾಡುತ್ತಾರೆ. ಕಾಯಿಲೆಯನ್ನು ಊರಿನಿಂದ ಮರೆಮಾಚಿ ಬದುಕುತ್ತಿರುವವರಿಗೆ ಮುಖದಲ್ಲೇ ಗುರುತು ಮೂಡುವುದು ಬಲುದೊಡ್ಡ ಭಯ. ಸ್ಟಾವುಡಿನ್ ಕಾಲದಲ್ಲಿ ಗುಳಿಬಿದ್ದ ಕೆನ್ನೆಗಳು ಎಷ್ಟೋ ಮಂದಿಯ ಗುಟ್ಟನ್ನು ರಟ್ಟು ಮಾಡಿದ್ದನ್ನು ಹಳಬರು ಮರೆತಿಲ್ಲ.

ಗುರುತಿಸುವುದು ಹೇಗೆ?

ಎಚ್‌ಐವಿ ಬಾಧಿತರ ಕಣ್ಣಿನ ಆರೈಕೆ ಎಂದರೆ ಇದುವರೆಗೆ ಮುಖ್ಯವಾಗಿ ಅಕ್ಷಿಪಟಲದ ಪರೀಕ್ಷೆಯೇ ಆಗಿತ್ತು. ಸಿಡಿ4 ಎಣಿಕೆ ತೀರಾ ಕುಸಿದವರಲ್ಲಿ ಸಿಎಂವಿ ಎಂಬ ವೈರಾಣು ಅಕ್ಷಿಪಟಲಕ್ಕೆ ಸೋಕಿ ಕುರುಡುತನ ತರುತ್ತಿದ್ದುದು ಇದಕ್ಕೆ ಕಾರಣ. ಚಿಕಿತ್ಸೆ ಪಡೆದು ಚೆನ್ನಾಗಿರುವವರ ರೆಪ್ಪೆಯತ್ತ ಗಮನ ಹರಿದದ್ದು ಕಡಿಮೆ. ಅಕ್ಷರಗಳ ಫಲಕ ತೋರಿಸಿ ಓದಿಸಿದರೆ ಇವರು ಗದ್ದವೆತ್ತಿ ಓದಿಬಿಡುತ್ತಾರೆ. ದೃಷ್ಟಿ ಸರಿಯಿದೆ ಎಂದು ಚೀಟಿಯಲ್ಲಿ ಬರೆಯಲಾಗುತ್ತದೆ.

ಪತ್ತೆಗೆ ದುಬಾರಿ ಯಂತ್ರದಿಂದಲೇ ಆರಂಭಿಸಬೇಕಾಗಿಲ್ಲ. ತಲೆ ಅಲುಗಿಸದೆ ವೈದ್ಯರ ಬೆರಳನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಿಂಬಾಲಿಸಲು ಹೇಳಿದರೆ ಎರಡು ನಿಮಿಷದಲ್ಲಿ ಸುಳಿವು ಸಿಗುತ್ತದೆ. ಹಳೆಯ ಭಾವಚಿತ್ರ ಮತ್ತೊಂದು ಸಾಕ್ಷಿ. ಮತದಾರರ ಗುರುತಿನ ಚೀಟಿಯಲ್ಲೋ ಮದುವೆಯ ಆಲ್ಬಂನಲ್ಲೋ ಇರುವ ಮುಖವನ್ನು ಈಗಿನ ಮುಖದೊಂದಿಗೆ ಹೋಲಿಸಿದರೆ ರೆಪ್ಪೆ ಎಷ್ಟು ಇಳಿದಿದೆ ಎಂಬುದು ತಿಳಿಯುತ್ತದೆ.

ಆದರೆ ಜೋತುಬಿದ್ದ ರೆಪ್ಪೆಯನ್ನೆಲ್ಲ ಔಷಧದ ಖಾತೆಗೆ ಬರೆದುಬಿಡುವುದೂ ಅಪಾಯಕಾರಿ. ಒಂದೇ ಕಣ್ಣಿನ ರೆಪ್ಪೆ ಹಠಾತ್ತನೆ ಬಿದ್ದರೆ, ತೀವ್ರ ತಲೆನೋವಿದ್ದರೆ, ವಸ್ತು ಎರಡಾಗಿ ಕಂಡರೆ ಅದು ಮಿದುಳಿನ ರಕ್ತನಾಳದ ಊತ, ಮಧುಮೇಹದಿಂದ ಕೆಟ್ಟ ನರ, ಕ್ಷಯ ಅಥವಾ ಶಿಲೀಂಧ್ರದಿಂದ ಬರುವ ಮಿದುಳು ಪೊರೆಯ ಉರಿಯೂತ ಆಗಿರಬಹುದು. ಅಂತಹವರನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳಿಗ್ಗೆ ಸರಿಯಿದ್ದು ಸಂಜೆ ವೇಳೆಗೆ ರೆಪ್ಪೆ ಬೀಳುತ್ತಿದ್ದರೆ ಮಯಸ್ತೀನಿಯ ಎಂಬ ಕಾಯಿಲೆಯ ಶಂಕೆ ಬರಬೇಕು. ಅದಕ್ಕೆ ಉತ್ತಮ ಚಿಕಿತ್ಸೆ ಇದೆ. ವಯಸ್ಸಾದವರಲ್ಲಿ ರೆಪ್ಪೆಯ ಸ್ನಾಯುರಜ್ಜು ಸಡಿಲವಾಗುವುದೂ ಸಾಮಾನ್ಯ. ಇವೆಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿದ ಬಳಿಕವಷ್ಟೇ ಮೈಟೊಕಾಂಡ್ರಿಯದ ದೋಷದ ತೀರ್ಮಾನಕ್ಕೆ ಬರಬೇಕು. ಕೆಲವರಿಗೆ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸುವ ಅಗತ್ಯವೂ ಬೀಳಬಹುದು. ಇಂತಹ ಪರೀಕ್ಷೆಯಲ್ಲಿ ಪರಿಣತಿ ಇರುವ ಬೆಂಗಳೂರಿನ ನಿಮ್ಹಾನ್ಸ್ ಹಾವೇರಿಯಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ.

ಔಷಧ ನಿಲ್ಲಿಸುವುದು ಪರಿಹಾರವಲ್ಲ

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಒಂದು ಆತಂಕ ಕಾಡುತ್ತದೆ. ಅಡ್ಡಪರಿಣಾಮದ ಸುದ್ದಿ ಓದಿ ಯಾರಾದರೂ ಗುಳಿಗೆ ನಿಲ್ಲಿಸಿದರೆ ಗತಿಯೇನು? ಔಷಧ ನಿಂತರೆ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ಹೆಡೆಯೆತ್ತುತ್ತದೆ. ಔಷಧಕ್ಕೆ ಬಗ್ಗದ ವೈರಾಣು ಹುಟ್ಟಿಕೊಳ್ಳುವ ಸಂಭವವೂ ಇದೆ. ಜೋತುಬಿದ್ದ ರೆಪ್ಪೆ ಬದುಕನ್ನು ಕಷ್ಟಗೊಳಿಸಬಹುದು. ನಿಲ್ಲಿಸಿದ ಗುಳಿಗೆ ಬದುಕನ್ನೇ ಕಸಿಯಬಹುದು. ತೊಂದರೆ ಕಂಡವರು ಮಾಡಬೇಕಾದದ್ದು ಒಂದೇ: ಔಷಧವನ್ನು ಮುಂದುವರಿಸುತ್ತಲೇ ಎಆರ್‌ಟಿ ಕೇಂದ್ರದ ವೈದ್ಯರಿಗೆ ಅದನ್ನು ತಿಳಿಸುವುದು. ಈಗಲೂ ಜಿಡೊವುಡಿನ್ ಸೇವಿಸುತ್ತಿರುವವರಾದರೆ ಬದಲಿ ಔಷಧ ನೀಡಲು ಸಾಧ್ಯವೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ದುರ್ಬಲಗೊಂಡ ಸ್ನಾಯುವಿಗೆ ಹಿಂದಿನ ಬಲ ತಂದುಕೊಡುವ ಖಚಿತ ಮದ್ದು ಇಲ್ಲ. ಆದರೆ ಪರಿಹಾರ ಇಲ್ಲವೆಂದಲ್ಲ. ರೆಪ್ಪೆಯನ್ನು ಎತ್ತಿಹಿಡಿಯುವ ಸಣ್ಣ ಕಂಬಿಯನ್ನು ಕನ್ನಡಕದ ಚೌಕಟ್ಟಿಗೆ ಜೋಡಿಸಬಹುದು. ಎರಡೆರಡು ಕಾಣುವವರಿಗೆ ಪ್ರಿಸಂ ಕನ್ನಡಕ ನೆರವಾಗುತ್ತದೆ. ತೀವ್ರವಾಗಿದ್ದರೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಸಿಲಿಕೋನ್ ಎಳೆಯಿಂದ ಬಂಧಿಸುವ ಶಸ್ತ್ರಚಿಕಿತ್ಸೆ ಉಂಟು. ಅದರಲ್ಲಿ ಎಚ್ಚರಿಕೆ ಬೇಕು. ಕಣ್ಣುಗುಡ್ಡೆ ಸರಿಯಾಗಿ ತಿರುಗದವರಲ್ಲಿ ರೆಪ್ಪೆಯನ್ನು ಅತಿಯಾಗಿ ಎತ್ತಿದರೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಮುಂಭಾಗದ ಪಾರದರ್ಶಕ ಪದರ ಒಣಗಿ ಹುಣ್ಣಾಗುತ್ತದೆ. ದೂಳು, ಘಾಟಿನ ನಡುವೆ ದುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಅನುಭವಿ ಶಸ್ತ್ರವೈದ್ಯರು ಬೇಕೆಂದೇ ಸ್ವಲ್ಪ ಕಡಿಮೆ ಎತ್ತುತ್ತಾರೆ.

ಇನ್ನು ಶಸ್ತ್ರಚಿಕಿತ್ಸೆ ಎಂದೊಡನೆ ಎದುರಾಗುವುದು ನಿರಾಕರಣೆಯ ಭೀತಿ. 2017ರಲ್ಲಿ ಸಂಸತ್ತು ಅಂಗೀಕರಿಸಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಆರೋಗ್ಯ ಸೇವೆ ನಿರಾಕರಿಸುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ, ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯವನ್ನು ಬಹಿರಂಗಪಡಿಸುವಂತಿಲ್ಲ. ದೂರು ಆಲಿಸಲು ರಾಜ್ಯಗಳಲ್ಲಿ ಓಂಬುಡ್ಸ್‌ಮನ್ ನೇಮಕಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಕಾಗದದ ಮೇಲಿನ ಈ ಹಕ್ಕು ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನವರೆಗೆ ತಲುಪಬೇಕಾದದ್ದು ಮುಖ್ಯ.

ಆಗಬೇಕಾದದ್ದು

ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆಂಬುದು ನ್ಯಾಕೊ ಅಂದಾಜು. ಹೆಚ್ಚು ಸೋಂಕಿತರಿರುವ ರಾಜ್ಯಗಳ ಸಾಲಿನಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ಜತೆಗೆ ಕರ್ನಾಟಕವೂ ಇದೆ. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇದ್ದರೂ ಎಲ್ಲ ಸೋಂಕಿತರಿಗೆ ಚಿಕಿತ್ಸೆ ನೀಡುವ ನೀತಿ ಜಾರಿಯಲ್ಲಿದೆ. ಇವರೆಲ್ಲ ದೀರ್ಘಕಾಲ ಬದುಕಲಿದ್ದಾರೆ. ಜೀವ ಉಳಿಸುವುದಷ್ಟೇ ಗುರಿಯಾಗಿದ್ದ ಕಾರ್ಯಕ್ರಮ ಇನ್ನು ಉಳಿದ ಜೀವದ ಗುಣಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

ಮೊದಲನೆಯದು ದಾಖಲೆಯ ಪ್ರಶ್ನೆ. ಯಾರು ಯಾವ ವರ್ಷದಿಂದ ಯಾವ ವರ್ಷದವರೆಗೆ ಸ್ಟಾವುಡಿನ್ ಅಥವಾ ಜಿಡೊವುಡಿನ್ ಪಡೆದರು ಎಂಬ ಮಾಹಿತಿ ಎಆರ್‌ಟಿ ಕೇಂದ್ರದ ಬಿಳಿ ಕಾರ್ಡ್‌ನಲ್ಲಿ, ರೋಗಿಯ ಕೈಯಲ್ಲಿರುವ ಹಸಿರು ಪುಸ್ತಕದಲ್ಲಿ ಇರಬೇಕು. ಪುಸ್ತಕ ಹಳತಾಗಿ ಹೊಸದು ಬಂದಾಗ, ಕೇಂದ್ರ ಬದಲಾದಾಗ ಹಳೆಯ ಇತಿಹಾಸ ಕಳೆದುಹೋದರೆ ವೈದ್ಯರ ಮುಂದಿರುವುದು ಇಂದಿನ ಗುಳಿಗೆ ಮಾತ್ರ. ಅದನ್ನು ನೋಡಿ ರೆಪ್ಪೆಯ ಕಾರಣ ತಿಳಿಯಲಾಗದು. ಬಾಲ್ಯದಲ್ಲೇ ಚಿಕಿತ್ಸೆ ಆರಂಭಿಸಿ ಈಗ ಯೌವನಕ್ಕೆ ಬಂದವರ ದಾಖಲೆಗಳನ್ನು ವಿಶೇಷವಾಗಿ ಕಾಪಾಡಬೇಕು.

ಎರಡನೆಯದು ವರದಿ ಮಾಡುವ ಅಭ್ಯಾಸ. ಔಷಧಗಳ ಅಡ್ಡಪರಿಣಾಮ ದಾಖಲಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ವ್ಯವಸ್ಥೆ ಇದೆ. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯ ಆಯೋಗ ಇದನ್ನು ನಡೆಸುತ್ತದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ 1800-180-3024 ಉಚಿತ ದೂರವಾಣಿಗೆ ಕರೆಮಾಡಿ ತಿಳಿಸಬಹುದು. ಎಚ್‌ಐವಿ ಕುರಿತ ಮಾಹಿತಿಗೆ ನ್ಯಾಕೊದ 1097 ಸಹಾಯವಾಣಿ ಇದೆ. ಚದುರಿದ ಹತ್ತು ಊರುಗಳ ಹತ್ತು ಪ್ರಕರಣಗಳು ಒಂದೆಡೆ ಸೇರಿದಾಗಲೇ ವಿರಳ ತೊಂದರೆಗೂ ಒಂದು ಚಹರೆ ಮೂಡುತ್ತದೆ.

ಮೂರನೆಯದು ತಪಾಸಣೆ. ತಿಂಗಳ ಗುಳಿಗೆಗಾಗಿ ಬರುವವರ ತೂಕ ನೋಡಿ, ಕೆಮ್ಮು-ಜ್ವರ ವಿಚಾರಿಸುವ ಪದ್ಧತಿ ಈಗಾಗಲೇ ಇದೆ. ಹತ್ತು ವರ್ಷ ಮೀರಿದವರಿಗೆ ವರ್ಷಕ್ಕೊಮ್ಮೆ ರೆಪ್ಪೆ ಮತ್ತು ಕಣ್ಣಿನ ಚಲನೆಯ ಸರಳ ಪರೀಕ್ಷೆ ಸೇರಿಸಿದರೆ ಬೊಕ್ಕಸಕ್ಕೆ ಹೊರೆಯಾಗದು. ಶಂಕೆ ಬಂದವರನ್ನು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ, ಅಗತ್ಯವಿದ್ದರೆ ನಿಮ್ಹಾನ್ಸ್‌ಗೆ ಕಳುಹಿಸುವ ಸ್ಪಷ್ಟ ಮಾರ್ಗ ಇರಬೇಕು. ಹಾವೇರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ತಲೆಯೆತ್ತಿದೆ. ಅಲ್ಲಿನ ನೇತ್ರ ವಿಭಾಗ ಮತ್ತು ಎಆರ್‌ಟಿ ವೈದ್ಯರ ನಡುವೆ ಸಂಪರ್ಕ ಏರ್ಪಟ್ಟರೆ ಒಂದು ದಿನದ ಕೂಲಿ ಕಳೆದುಕೊಂಡು ದೂರದ ಊರಿಗೆ ಅಲೆಯುವುದು ಎಷ್ಟೋ ಮಂದಿಗೆ ತಪ್ಪುತ್ತದೆ.

2004ರಲ್ಲಿ ಸರ್ಕಾರದ ಮುಂದಿದ್ದ ಆಯ್ಕೆ ಸುಲಭದ್ದಾಗಿರಲಿಲ್ಲ. ಅಂದು ಕೈಗೆಟುಕಿದ ಔಷಧವನ್ನು ಕೊಡದೇ ಇದ್ದಿದ್ದರೆ ಇಂದು ರೆಪ್ಪೆಯ ಬಗ್ಗೆ ದೂರಲು ಅವರಲ್ಲಿ ಎಷ್ಟೋ ಮಂದಿ ಇರುತ್ತಿರಲಿಲ್ಲ. ಆದ್ದರಿಂದ ಇದು ತಪ್ಪಿತಸ್ಥರನ್ನು ಹುಡುಕುವ ಪ್ರಶ್ನೆಯಲ್ಲ, ಹೊಣೆಯನ್ನು ಪೂರ್ತಿಗೊಳಿಸುವ ಪ್ರಶ್ನೆ. ಜೀವ ಉಳಿಸಲು ನೀಡಿದ ಗುಳಿಗೆಯಿಂದಲೇ ತೊಂದರೆ ಆಗಿದ್ದರೆ ಅದನ್ನು ಗುರುತಿಸಿ ಪರಿಹಾರ ಒದಗಿಸುವುದು ಅದೇ ಕಾರ್ಯಕ್ರಮದ ಮುಂದುವರಿದ ಭಾಗ. ಮುಂದಿನ ಸಲ ಗುಳಿಗೆಗಾಗಿ ಬಂದವರು ಗದ್ದವೆತ್ತಿ ನೋಡಿದರೆ, ಮೇಜಿನ ಆಚೆ ಕುಳಿತವರು ಅದನ್ನು ಗಮನಿಸಲಿ.